ಮಂಗಳೂರಿಂದ ವೈಜಾಗ್‌ಗೆ ಬಾಡಿಗೆ ಕಾರಲ್ಲಿ: ಕಾರು ಚೆನ್ನಾಗಿತ್ತು, ಸ್ಟೆಪ್ನಿ ಮಾತ್ರ ನೋಡಿಯೇ ತೆಗೆದುಕೊಳ್ಳಿ

ಮಂಗಳೂರಿನಲ್ಲಿ ನಾವೇ ಓಡಿಸಿಕೊಂಡು ಹೋಗಲು ಕಾರು ಬಾಡಿಗೆಗೆ ಕೊಡುವ ಇವರಿಗೆ ನಾಲ್ಕು ಸ್ಟಾರ್ ಕೊಟ್ಟಿದ್ದೇನೆ. ಐದು ಯಾಕಿಲ್ಲ ಅಂತ ಕೆಳಗೆ ಬರೆದಿದ್ದೇನೆ. ಶನಿವಾರ ಹೊರಟು ಭಾನುವಾರ ಬರುವ ಚಿಕ್ಕಮಗಳೂರು ಟ್ರಿಪ್ಪಿಗಾದರೆ ಇವರ ರೇಟು ಜಾಸ್ತಿ, ಮಂಗಳೂರಿನಲ್ಲೇ ಬೇರೆ ಕಡೆ ಕಡಿಮೆಗೆ ಸಿಗುತ್ತದೆ. ಆದರೆ ದೂರ ಹೋಗುವವರಿಗೆ, ಅದರಲ್ಲೂ ದಾರಿಯಲ್ಲಿ ಗೆಳೆಯರ ಮನೆಯಲ್ಲಿ ಉಳಿದುಕೊಂಡು ಆರಾಮಾಗಿ ಹೋಗುವವರಿಗೆ, ಇವರ ಲೆಕ್ಕ ಲಾಭವೇ ಉಂಟು.

ನಾವಿಬ್ಬರೇ, ನಾನು ಮತ್ತು ನನ್ನ ಗಂಡ. ಈ ಕಡಲಿಂದ ಆ ಕಡಲಿಗೆ ಕಾರಲ್ಲೇ ಹೋಗಬೇಕು ಅಂತ ಅವರಿಗೆ ಮದುವೆಗೆ ಮುಂಚಿನ ಆಸೆ. ನಮ್ಮ ಸ್ವಂತ ಕಾರಿಗೆ ವಯಸ್ಸಾಯಿತು, ಇಲ್ಲೇ ಹತ್ತಿರದ ಬಿ.ಸಿ. ರೋಡಿಗೆ ಹೋಗಿ ಬಂದರೇ ಬಿಸಿಯಾಗುತ್ತದೆ, ಅದನ್ನು ನಂಬಿ ಆಂಧ್ರಕ್ಕೆ ಹೋಗುವುದು ಯಾರು ಮಾರಾಯ್ರೆ. ಹಾಗಾಗಿ ಇವರಲ್ಲಿ ಒಂದು ಪೆಟ್ರೋಲ್ ಸ್ವಿಫ್ಟ್ ತೆಗೆದುಕೊಂಡೆವು.

ಲೆಕ್ಕ ಹೇಗೆ ಅಂದರೆ, ದಿನಕ್ಕೆ 300 ಕಿಲೋಮೀಟರ್, ಅದರ ಮೇಲೆ ಓಡಿಸಿದರೆ ಕಿಲೋಮೀಟರಿಗೆ 8 ರೂಪಾಯಿ. ಇದರಲ್ಲೇನು ವಿಶೇಷ, ಎಲ್ಲರೂ ಹೀಗೇ ಅಲ್ವಾ ಅಂತೀರಿ. ವ್ಯತ್ಯಾಸ ಇರುವುದು ಇಲ್ಲಿ: ಇವರು ಪ್ರತಿ ದಿನದ ಲೆಕ್ಕ ಬೇರೆ ಬೇರೆ ಹಿಡಿಯುವುದಿಲ್ಲ, ಕಾರು ವಾಪಸ್ ಕೊಡುವ ದಿನ ಎಲ್ಲ ಸೇರಿಸಿ ಒಟ್ಟಿಗೆ ನೋಡುತ್ತಾರೆ. ಮಂಗಳೂರಿಂದ ಅಂಕೋಲಾ ಮೇಲೆ ಹುಬ್ಬಳ್ಳಿಗೆ ಹೋದರೆ 300 ದಾಟುತ್ತದೆ, ಹೈದರಾಬಾದಿನಿಂದ ವಿಶಾಖಪಟ್ಟಣ (ಅದೇ ವೈಜಾಗ್) ಅಂತೂ 600ಕ್ಕೂ ಮೇಲೆ. ಆದರೆ ಹೈದರಾಬಾದಿನಲ್ಲಿ ನನ್ನ ಹಾಸ್ಟೆಲ್ ಗೆಳತಿಯ ಮನೆಯಲ್ಲಿ ಇದ್ದಷ್ಟು ದಿನ ಕಾರು ಅವರ ಅಪಾರ್ಟ್‌ಮೆಂಟಿನ ಕೆಳಗೆ ಸುಮ್ನೆ ನಿಂತಿತ್ತು, ನಾವು ಮೆಟ್ರೋದಲ್ಲಿ ಓಡಾಡಿದೆವು. ಆ ಉಳಿದ ಕಿಲೋಮೀಟರೆಲ್ಲ ಉದ್ದದ ದಿನಗಳಿಗೆ ಆಯಿತು. ಕೊನೆಗೆ ಮೂರು ಸಾವಿರ ಕಿಲೋಮೀಟರಿನ ಮೇಲೆ ಓಡಿಸಿದರೂ ಹೆಚ್ಚುವರಿ ಅಂತ ಒಂದು ರೂಪಾಯಿ ಬೀಳಲಿಲ್ಲ. ಬುಕ್ ಮಾಡುವಾಗ ಈ ಒಂದು ವಿಷಯ ಬಾಯಿಬಿಟ್ಟು ಕೇಳಿ, ಬಿಲ್ಲಿನ ಮೇಲೂ ಬರೆಸಿಕೊಳ್ಳಿ.

ಇನ್ನೊಂದು ಮುಖ್ಯ ವಿಷಯ, ಇದು ಕಪ್ಪು ಬೋರ್ಡಿನ ಕಾರು, ನಂಬರು ಹಳದಿ ಅಕ್ಷರದಲ್ಲಿ, ಅಂದರೆ ನಾವೇ ಓಡಿಸುವ ಬಾಡಿಗೆಗೆ ಅಂತಲೇ ಪರ್ಮಿಟ್ ಇರುವ ಕಾರು. ಊರಲ್ಲಿ ಪರಿಚಯದವರ ವೈಟ್ ಬೋರ್ಡ್ ಕಾರು, ಅಂದರೆ ಸ್ವಂತ ಬಳಕೆಯದ್ದು, ಬಾಡಿಗೆಗೆ ಕಡಿಮೆಗೆ ಸಿಗುತ್ತದೆ, ಗೊತ್ತು. ಆದರೆ ಅದು ಕಾನೂನಿಗೆ ವಿರುದ್ಧ, ಎಲ್ಲಾದರೂ ಗುದ್ದಿದರೆ ಇನ್ಶೂರೆನ್ಸಿನವರು ಕೈ ಎತ್ತಬಹುದು. ಆಮೇಲೆ ಪರಿಚಯವೂ ಇಲ್ಲ, ಕಾರೂ ಇಲ್ಲ. ಇವರು ಪರ್ಮಿಟ್, ಇನ್ಶೂರೆನ್ಸ್, ಹೊಗೆ ಸರ್ಟಿಫಿಕೇಟ್ ಎಲ್ಲ ಒಂದು ಪ್ಲಾಸ್ಟಿಕ್ ಫೈಲಿನಲ್ಲಿ ಹಾಕಿ ಡ್ಯಾಶ್‌ಬೋರ್ಡಿನಲ್ಲಿ ಇಟ್ಟಿದ್ದರು. ರಾಯಚೂರು ದಾಟಿದ ಮೇಲೆ ಪೊಲೀಸರು ಕೈ ಅಡ್ಡ ಹಾಕಿದಾಗ ಆ ಫೈಲನ್ನೇ ಹಾಗೇ ಕೊಟ್ಟೆವು, ಎರಡು ಪುಟ ತಿರುವಿ ಬಿಟ್ಟರು.

ಕಾರು ಕೊಡುವಾಗ ಒಬ್ಬ ಹುಡುಗ ಬಂದು ಸುತ್ತ ತೋರಿಸುತ್ತಾನೆ. ಕಾರಿನ ಚಿತ್ರ ಇರುವ ಕಾಗದದ ಮೇಲೆ ಎಲ್ಲೆಲ್ಲಿ ಗೀರು ಉಂಟೋ ಅಲ್ಲೆಲ್ಲ ಪೆನ್ನಿನಲ್ಲಿ ಗುರುತು ಹಾಕಿ, ಅಡಿಯಲ್ಲಿ ಕಾರ್ಬನ್ ಇಟ್ಟು ಒಂದು ಪ್ರತಿ ನಮಗೆ ಕೊಟ್ಟ. "ಅಕ್ಕ, ನೀವೂ ಒಂದು ವಿಡಿಯೋ ಮಾಡ್ಕೊಳ್ಳಿ, ಆಮೇಲೆ ನಿಮ್ಗೂ ಟೆನ್ಶನ್ ಇಲ್ಲ, ನಮ್ಗೂ ಇಲ್ಲ" ಅಂತ ಅವನೇ ಹೇಳಿದ. ಇಷ್ಟವಾಯಿತು. ಎಡಗಡೆ ಹಿಂದಿನ ಬಾಗಿಲಿನ ಕೆಳಗೆ ಒಂದು ಸಣ್ಣ ತಗ್ಗು ಇದ್ದದ್ದು ನಮ್ಮ ಕಣ್ಣಿಗೆ ಬಿದ್ದಿರಲಿಲ್ಲ, ಬಗ್ಗಿ ಅಲ್ಲಿಗೆ ಟಾರ್ಚ್ ಬಿಟ್ಟು ತೋರಿಸಿದ್ದೂ ಅವನೇ.

ಓಡಿಸುವುದಕ್ಕೆ ಕಾರು ಚೆನ್ನಾಗಿತ್ತು. ಬೆಳಕು ಹರಿಯುವ ಮೊದಲೇ ಹೊರಟು, ಕುಂದಾಪುರ ಕಳೆದು ಮರವಂತೆಯಲ್ಲಿ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ ನದಿ. ಎಷ್ಟು ಸಲ ನೋಡಿದರೂ ಅಲ್ಲಿ ನಿಲ್ಲಿಸದೆ ಹೋಗಲು ಆಗುವುದಿಲ್ಲ. ಅಂಕೋಲಾದಲ್ಲಿ ಬಲಕ್ಕೆ ತಿರುಗಿ ಅರಬೈಲ್ ಘಾಟಿ ಹತ್ತುವಾಗ ಮುಂದೆ ಸಾಲಾಗಿ ಲಾರಿಗಳು, ಪೂರ್ತಿ ಸೆಕೆಂಡ್ ಗೇರ್. ಎಂಜಿನ್ ಒಂಚೂರೂ ತಕರಾರು ಮಾಡಲಿಲ್ಲ. ಯಲ್ಲಾಪುರ ಬಂದ ಮೇಲೆ ಮಾಗೋಡಿಗೆ ಹೋಗಿ ಬೇಡ್ತಿ ನದಿ ಧುಮುಕುವುದನ್ನು ನೋಡಿದೆವು, ಡಿಸೆಂಬರಿನಲ್ಲೂ ನೀರಿತ್ತು. ಮಳೆಗಾಲದಲ್ಲಿ ಈ ದಾರಿ ಹಿಡಿಯಬೇಡಿ ಅಂತ ಮಾತ್ರ ಹೇಳುತ್ತೇನೆ, 2024ರ ಜುಲೈಯಲ್ಲಿ ಅಂಕೋಲಾ ಹತ್ತಿರದ ಶಿರೂರಿನಲ್ಲಿ ಗುಡ್ಡ ಕುಸಿದದ್ದು ಯಾರೂ ಮರೆತಿಲ್ಲ.

ಹುಬ್ಬಳ್ಳಿಯಲ್ಲಿ ನನ್ನ ಗಂಡನ ಕಾಲೇಜು ಗೆಳೆಯ. ಅವರ ಮನೆಯವರು ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಹಾಕಿ ಹಾಕಿ, "ಇಷ್ಟ ಸಾಕೇನ್ರೀ" ಅಂತ ಕೇಳಿ ಕೇಳಿ ನಮ್ಮನ್ನು ಏಳಲಿಕ್ಕೇ ಬಿಡಲಿಲ್ಲ. ಗದಗ, ಕೊಪ್ಪಳ ಬೇಗ ಮುಗಿಯಿತು, ರಸ್ತೆ ಅಷ್ಟು ಚೆನ್ನಾಗಿದೆ. ಹಂಪಿಯ ಬಗ್ಗೆ ಬರೆದವರು ಬೇಕಾದಷ್ಟು ಜನ ಇದ್ದಾರೆ, ನಾನು ಬಿಡುತ್ತೇನೆ.

ಈಗ ಆ ಒಂದು ಸ್ಟಾರ್ ಹೋದ ಕಥೆ. ಹೈದರಾಬಾದಿನಿಂದ ವಿಜಯವಾಡದ ಹೈವೇಯಲ್ಲಿ, ಸೂರ್ಯಾಪೇಟೆ ದಾಟಿ ಸ್ವಲ್ಪ ಮುಂದೆ, ಹಿಂದಿನ ಟಯರ್ ಪಂಕ್ಚರ್. ಅದು ಯಾರ ತಪ್ಪೂ ಅಲ್ಲ. ಡಿಕ್ಕಿ ತೆಗೆದು ಸ್ಟೆಪ್ನಿ ನೋಡಿದರೆ, ಟಯರ್ ಪೂರ್ತಿ ಬೋಳು, ಕಿರುಬೆರಳ ಉಗುರು ಇಳಿಯುವಷ್ಟೂ ಗ್ರಿಪ್ ಇಲ್ಲ, ಗಾಳಿಯೂ ಅರ್ಧ. ಜಾಕ್ ಇತ್ತು, ಪಾನ ಇತ್ತು, ಎರಡೂ ಹೊಸದು. ಇಷ್ಟೆಲ್ಲ ಸರಿ ಇಟ್ಟವರು ಸ್ಟೆಪ್ನಿ ಹೀಗೆ ಯಾಕೆ ಇಟ್ಟರು? ಕಾರು ಕೊಡುವಾಗ ಬಾಗಿಲಿನ ತಗ್ಗಿಗೆ ಟಾರ್ಚ್ ಬಿಟ್ಟ ಹುಡುಗ ಡಿಕ್ಕಿಯ ಮ್ಯಾಟ್ ಎತ್ತಿ ತೋರಿಸಲೇ ಇಲ್ಲ. ಫೋನ್ ಮಾಡಿದೆವು, ಎರಡನೇ ರಿಂಗಿಗೇ ಎತ್ತಿದರು, ಅದು ದೊಡ್ಡ ವಿಷಯ. "ಸ್ಟೆಪ್ನಿ ಹಾಕಿ ಜಾಸ್ತಿ ದೂರ ಓಡಿಸ್ಬೇಡಿ, ಹತ್ತಿರದಲ್ಲೇ ಪಂಕ್ಚರ್ ಹಾಕಿಸಿ, ಬಿಲ್ ಕಳಿಸಿ" ಅಂದರು. ಅಂದರೆ ಅವರಿಗೆ ಮೊದಲೇ ಗೊತ್ತಿತ್ತು ಅಂತಾಯಿತಲ್ಲ!

ಪಂಕ್ಚರ್ ಅಂಗಡಿ ಸಿಗುವವರೆಗೆ ನಲವತ್ತರ ಸ್ಪೀಡಿನಲ್ಲಿ ಅಂಚಿನಲ್ಲೇ ಹೋದೆವು, ಪಕ್ಕದಲ್ಲಿ ಬಸ್ಸುಗಳು ಹಾರ್ನ್ ಹೊಡೆದುಕೊಂಡು ಹೋಗುತ್ತಿದ್ದವು. ಅಂಗಡಿಯವರು ಟಯರಿಗೆ ಸೋಪಿನ ನೀರು ಹಚ್ಚಿದರು, ಒಂದು ಕಡೆ ನೊರೆ ಎದ್ದಿತು. ಇಕ್ಕಳದಲ್ಲಿ ಮೊಳೆ ಎಳೆದು, ರಬ್ಬರ್ ಬತ್ತಿ ತುರುಕಿ, ಉಳಿದದ್ದನ್ನು ಬ್ಲೇಡಿನಲ್ಲಿ ಕತ್ತರಿಸಿದರು. ಹತ್ತು ನಿಮಿಷ ಹಿಡಿಯಲಿಲ್ಲ. ಸ್ಟೆಪ್ನಿಯನ್ನು ಒಮ್ಮೆ ನೋಡಿ, ನಮ್ಮ ಮುಖ ನೋಡಿ ತೆಲುಗಿನಲ್ಲಿ ಏನೋ ಅಂದರು. ಅರ್ಥವಾಗಲಿಲ್ಲ, ಆದರೆ ಹೊಗಳಿದ್ದಲ್ಲ ಅಂತ ಗೊತ್ತಾಯಿತು. ಆಮೇಲೆ ವಾಪಸ್ ಬರುವವರೆಗೂ ನನ್ನ ಗಂಡ ಟೀ ಕುಡಿಯಲು ನಿಲ್ಲಿಸಿದಲ್ಲೆಲ್ಲ ಇಳಿದು ಟಯರ್ ಒತ್ತಿ ನೋಡುವುದೇ ಕೆಲಸ.

ವಿಶಾಖಪಟ್ಟಣದ ಗೆಳೆಯರು ನೇವಿಯವರು, ಆರ್.ಕೆ. ಬೀಚಿನಲ್ಲಿ ಮ್ಯೂಸಿಯಂ ಮಾಡಿ ಇಟ್ಟಿರುವ ಕುರುಸುರ ಸಬ್‌ಮರೀನಿನ ಒಳಗೆ ಅವರೇ ನಿಂತು ವಿವರಿಸಿದ್ದು ನಮ್ಮ ಅದೃಷ್ಟ. ಅಲ್ಲಿಂದ ಬೆಟ್ಟದ ಮೇಲಿನ ಅರಕುವಿಗೆ ಇದೇ ಕಾರಲ್ಲಿ ಹೋದೆವು. ಹೈವೇಯಲ್ಲಿ ಲೀಟರಿಗೆ 20ರ ಹತ್ತಿರ ಕೊಟ್ಟ ಕಾರು ಆ ಘಾಟಿಯಲ್ಲಿ ಎಷ್ಟು ಕೊಟ್ಟಿತು ಅಂತ ಕೇಳಬೇಡಿ. ಬೊರ್ರಾ ಗುಹೆಗೆ ಹೋಗಿ ಮೇಲೆ ಬಂದರೆ ರಸ್ತೆಯ ಎರಡೂ ಕಡೆ ಹುಚ್ಚೆಳ್ಳು ಹೂ ಬಿಟ್ಟಿತ್ತು, ಗದ್ದೆಗೆ ಗದ್ದೆಯೇ ಹಳದಿ. ಬರುವಾಗ ಗಂಡಿಕೋಟೆಯಲ್ಲಿ ಪೆನ್ನಾ ನದಿಯ ಕಣಿವೆ, ಆಮೇಲೆ ಅನಂತಪುರ, ಚಿತ್ರದುರ್ಗ, ಶಿವಮೊಗ್ಗ, ಆಗುಂಬೆಯ ತಿರುವುಗಳನ್ನು ಇಳಿದು ಹೆಬ್ರಿ. ಗಂಡಿಕೋಟೆ ಕಣಿವೆಯ ಅಂಚಿನಲ್ಲಿ ಬೇಲಿ ಇಲ್ಲ, ಮಕ್ಕಳನ್ನು ಕರೆದುಕೊಂಡು ಹೋಗುವವರು ಜಾಗ್ರತೆ.

ಟೋಲಿನ ವಿಷಯ ಕೊನೆಗೆ ಬಂತು. ಕಾರಿನ ಫಾಸ್ಟ್ಯಾಗ್ ಇವರ ಖಾತೆಯದ್ದು, ವಾಪಸ್ ಕೊಟ್ಟ ಮೇಲೆ ಒಟ್ಟು ಮೊತ್ತ ಹೇಳಿ ಡೆಪಾಸಿಟ್ಟಿನಿಂದ ಹಿಡಿಯುತ್ತಾರೆ. 2025ರ ಆಗಸ್ಟಿನಲ್ಲಿ 3,000 ರೂಪಾಯಿಗೆ ಶುರುವಾದ ವಾರ್ಷಿಕ ಪಾಸು ಸ್ವಂತ ಬಳಕೆಯ ಕಾರುಗಳಿಗೆ ಮಾತ್ರ, ಬಾಡಿಗೆ ಕಾರಿಗೆ ಇಲ್ಲ, ಹಾಗಾಗಿ ಟೋಲಿಗೆ ಒಳ್ಳೆಯ ಮೊತ್ತ ಹೋಗುತ್ತದೆ. ನಾನು ಲಿಸ್ಟ್ ಕೊಡಿ ಅಂದೆ. ಸುರತ್ಕಲ್ ಟೋಲ್ 2022ರ ಡಿಸೆಂಬರಿನಲ್ಲಿ ನಿಂತ ಮೇಲೆ ನಮಗೆ ಹೆಜಮಾಡಿಯೇ ಮೊದಲು, ಆಮೇಲೆ ಸಾಸ್ತಾನ, ಬೈಂದೂರು ಹತ್ತಿರದ ಶಿರೂರು. ಇವರ ಲಿಸ್ಟಿನಲ್ಲಿ ಮೊದಲಿಗೆ ತಲಪಾಡಿ! ನಾವು ಕೇರಳದ ದಿಕ್ಕಿಗೆ ಮುಖವೂ ಹಾಕಿರಲಿಲ್ಲ. ಹಿಂದೆ ಕಾರು ತೆಗೆದುಕೊಂಡು ಹೋದವರದ್ದು ಇರಬೇಕು. ತೋರಿಸಿದ ಕೂಡಲೇ ಮಾತಾಡದೆ ತೆಗೆದರು, ಪಂಕ್ಚರ್ ಬಿಲ್ ದುಡ್ಡೂ ಸೇರಿಸಿದರು. ಕೇಳದಿದ್ದರೆ ಹೋಗುತ್ತಿತ್ತು.

ಡೆಪಾಸಿಟ್ "ನಾಳೆ ಹಾಕ್ತೇವೆ" ಅಂದವರು ವಾರ ಎಳೆದರು, ಎರಡು ಸಲ ಫೋನ್ ಮಾಡಿದ ಮೇಲೆ ಬಂತು. ಕಾರು ತೊಳೆಯುವ ಚಾರ್ಜು ಅಂತ 300 ಹಿಡಿದಿದ್ದರು, ಗಂಡಿಕೋಟೆಯ ಕೆಂಪು ಧೂಳು ನೋಡಿದರೆ ಅದು ನ್ಯಾಯವೇ.

ಕಾರು ತೆಗೆದುಕೊಳ್ಳುವವರು ಡಿಕ್ಕಿ ತೆಗೆಸಿ, ಮ್ಯಾಟ್ ಎತ್ತಿಸಿ, ಸ್ಟೆಪ್ನಿಗೆ ಗಾಳಿ ಹಾಕಿಸಿಯೇ ಹೊರಡಿ. ಬೋಳಾಗಿದ್ದರೆ ಬೇರೆ ಕೇಳಿ, ಕೊಡುತ್ತಾರೆ, ಮುಂದಿನ ಟ್ರಿಪ್ಪಿಗೆ ಹೊಸ ಟಯರ್ ಹಾಕಿಸಿರುತ್ತೇವೆ ಅಂತ ನನಗೆ ಹೇಳಿದ್ದಾರೆ. ಡಿಸೆಂಬರ್ ಕೊನೆಗೆ ಬೇಕಾದರೆ ಒಂದು ತಿಂಗಳು ಮೊದಲೇ ಬುಕ್ ಮಾಡಿ, ಕ್ರಿಸ್ಮಸ್ ಹತ್ತಿರ ಬಂದರೆ ಇವರಲ್ಲಿ ಒಂದು ಕಾರೂ ಉಳಿಯುವುದಿಲ್ಲ.