ಮಾತು ಬಾರದ ಡಾಕ್ಟರು, ಕೆಲಸ ಬಲ್ಲ ಸಿಸ್ಟರು: ಬೆಟ್ಟಿ ನೀಲ್ಸ್ ಕಾದಂಬರಿಗಳ ಒಂದು ಹಳೆಯ ಕಟ್ಟು

ಮಿಲ್ಸ್ ಅಂಡ್ ಬೂನ್ ಪ್ರಕಾಶನದ ಇಂಗ್ಲಿಷ್ ಪ್ರೇಮ ಕಾದಂಬರಿಗಳನ್ನು ಓದಿದವರು ಹುಬ್ಬಳ್ಳಿ-ಧಾರವಾಡದಲ್ಲಿ ಕಡಿಮೆಯೇನಿಲ್ಲ. ಓದಿದ್ದೇವೆಂದು ಒಪ್ಪಿಕೊಳ್ಳುವವರು ಮಾತ್ರ ಕಡಿಮೆ. ಕಾಲೇಜಿನ ದಿನಗಳಲ್ಲಿ ಪಠ್ಯಪುಸ್ತಕದ ಒಳಗಿಟ್ಟುಕೊಂಡು ಇವನ್ನು ಓದಿ, ಈಗ ಚಾಳೀಸು ಹಾಕಿಕೊಂಡು ಬಹಿರಂಗವಾಗಿಯೇ ಓದುವ ನಾವು ಕೆಲವರು ಮಾಳಮಡ್ಡಿಯ ಮನೆಯೊಂದರಲ್ಲಿ ಆಗಾಗ ಸೇರುತ್ತೇವೆ. ಈ ಸಲ ನಮ್ಮ ಚರ್ಚೆಗೆ ಬಂದದ್ದು ಹುಬ್ಬಳ್ಳಿಯ ಹಳೆಯ ಪುಸ್ತಕದ ಅಂಗಡಿಯೊಂದರಲ್ಲಿ ಇನ್ನೂರ ನಲವತ್ತು ರೂಪಾಯಿಗೆ ಸಿಕ್ಕ ಆರು ಪುಸ್ತಕಗಳ ಕಟ್ಟು. ಆರೂ ಬೆಟ್ಟಿ ನೀಲ್ಸ್ ಬರೆದವು, ಆರರಲ್ಲೂ ಆಸ್ಪತ್ರೆಯುಂಟು, ಆರರಲ್ಲೂ ನರ್ಸ್ ಒಬ್ಬಳು ಡಾಕ್ಟರೊಬ್ಬನನ್ನು ಮದುವೆಯಾಗುತ್ತಾಳೆ. ಕಥೆಯ ಗುಟ್ಟು ಬಯಲು ಮಾಡಿದೆನೆಂದು ಯಾರೂ ಆಕ್ಷೇಪಿಸಲಾರರು, ಏಕೆಂದರೆ ಮುಖಪುಟದ ಚಿತ್ರವೇ ಆ ಕೆಲಸವನ್ನು ಮೊದಲು ಮಾಡಿರುತ್ತದೆ.

ಈ ಲೇಖಕಿಯ ಹಿನ್ನೆಲೆ ತಿಳಿಯದೆ ಪುಸ್ತಕದ ಬೆಲೆ ಕಟ್ಟುವುದು ಕಷ್ಟ. ಆಕೆ ಸ್ವತಃ ತರಬೇತಿ ಪಡೆದ ನರ್ಸ್ ಮತ್ತು ಸೂಲಗಿತ್ತಿ. ಎರಡನೆಯ ಮಹಾಯುದ್ಧದಲ್ಲಿ ಸೈನ್ಯದ ನರ್ಸಾಗಿ ದುಡಿದವರು. ಡಚ್ ಗೃಹಸ್ಥನನ್ನು ಮದುವೆಯಾಗಿ ಹಲವು ವರ್ಷ ಹಾಲೆಂಡಿನಲ್ಲಿ ಸಂಸಾರ ನಡೆಸಿದವರು. ನಿವೃತ್ತರಾದ ಮೇಲೆ, ಗ್ರಂಥಾಲಯದಲ್ಲಿ ಮಹಿಳೆಯೊಬ್ಬಳು ಒಳ್ಳೆಯ ಪ್ರೇಮ ಕಾದಂಬರಿಗಳೇ ಸಿಗುತ್ತಿಲ್ಲವೆಂದು ಗೊಣಗಿದ್ದನ್ನು ಕೇಳಿ ಬರೆಯಲು ಕೂತರಂತೆ. ಮೊದಲ ಕಾದಂಬರಿ ‘ಸಿಸ್ಟರ್ ಪೀಟರ್ಸ್ ಇನ್ ಆಮ್‌ಸ್ಟರ್‌ಡ್ಯಾಮ್’ 1969ರಲ್ಲಿ ಬಂದಿತು. 2001ರಲ್ಲಿ ತೀರಿಕೊಳ್ಳುವವರೆಗೆ ಆಕೆ ಬರೆದ ಕಾದಂಬರಿಗಳ ಸಂಖ್ಯೆ 134. ಪಿಂಚಣಿ ಬಂದ ಮೇಲೆ ಹೊತ್ತು ಹೋಗುವುದಿಲ್ಲವೆನ್ನುವ ನಮ್ಮ ಓಣಿಯ ಹಿರಿಯರಿಗೆ ಈ ಸಂಖ್ಯೆಯನ್ನು ನಾನು ಆಗೊಮ್ಮೆ ಈಗೊಮ್ಮೆ ನೆನಪಿಸುವುದುಂಟು.

ಪ್ರಕಾಶಕರಿಗೂ ಆಸ್ಪತ್ರೆಯ ಕಥೆ ಹೊಸದಾಗಿರಲಿಲ್ಲ. ಲಂಡನ್ನಿನಲ್ಲಿ 1908ರಲ್ಲಿ ಆರಂಭವಾದ ಈ ಸಂಸ್ಥೆ ಬಹುಕಾಲ ಕಂದು ರಟ್ಟಿನ ಪುಸ್ತಕಗಳನ್ನು ಬಾಡಿಗೆ ಗ್ರಂಥಾಲಯಗಳಿಗೆ ಒದಗಿಸುತ್ತಿತ್ತು. 1957ರಿಂದ ಕೆನಡಾದ ಹಾರ್ಲೆಕ್ವಿನ್ ಸಂಸ್ಥೆ ಇವುಗಳನ್ನು ಅಗ್ಗದ ಪ್ರತಿಗಳಾಗಿ ಮರುಮುದ್ರಿಸತೊಡಗಿದಾಗ ಅದು ಮೊದಲು ಆರಿಸಿಕೊಂಡದ್ದು ಡಾಕ್ಟರು-ನರ್ಸುಗಳ ಕಥೆಗಳನ್ನೇ. ಅದೇ 1957ರಲ್ಲಿ ಹುಬ್ಬಳ್ಳಿಯಲ್ಲಿ ವೈದ್ಯಕೀಯ ಕಾಲೇಜು, ಹಳಬರ ಬಾಯಲ್ಲಿ ಇಂದಿಗೂ ಕೆಎಂಸಿ, ಆರಂಭವಾಯಿತು. ಎರಡಕ್ಕೂ ಸಂಬಂಧವಿಲ್ಲ, ಆದರೆ ಅಲ್ಲಿ ಓದಿ ಈಗ ನಿವೃತ್ತರಾಗಿರುವ ನಮ್ಮ ಡಾಕ್ಟರ್ ಕಾಕಾ ಈ ಕಾಕತಾಳೀಯವನ್ನು ತಮ್ಮ ವೃತ್ತಿಗೆ ಸಂದ ಗೌರವವೆಂದೇ ಭಾವಿಸಿದ್ದಾರೆ.

ಇನ್ನು ಕಥೆ. ಈ ಲೇಖಕಿಯ ನಾಯಕ ಬಹುತೇಕ ಡಚ್ ಶಸ್ತ್ರವೈದ್ಯ ಅಥವಾ ಪ್ರೊಫೆಸರ್. ಬಾಗಿಲಿಗೆ ತಲೆ ತಾಗುವಷ್ಟು ಎತ್ತರ, ನಾಯಕಿಗಿಂತ ಹತ್ತಾರು ವರ್ಷ ಹಿರಿಯ, ಕಾಲುವೆಯ ದಂಡೆಯ ಮೇಲೆ ಹಳೆಯ ದೊಡ್ಡ ಮನೆ, ಮನೆಯಲ್ಲಿ ನಂಬಿಗಸ್ತ ಆಳುಗಳು, ಕಾಲ ಬಳಿ ಒಂದು ನಾಯಿ, ಹೊರಗೆ ರೋಲ್ಸ್ ರಾಯ್ಸ್ ಇಲ್ಲವೆ ಬೆಂಟ್ಲಿ. ನಾಯಕಿ ಇಪ್ಪತ್ತೈದು ದಾಟಿದ ಇಂಗ್ಲಿಷ್ ನರ್ಸ್, ಅನೇಕ ಸಲ ಪಾದ್ರಿಯ ಮಗಳು, ತಾನು ನೋಡಲು ಸಾಧಾರಣಳೆಂದು ತನ್ನಷ್ಟಕ್ಕೆ ತೀರ್ಮಾನಿಸಿಕೊಂಡವಳು. ಇವರಿಬ್ಬರ ನಡುವೆ ನುಸುಳುವ ಮೂರನೆಯವಳು ತೆಳ್ಳಗೆ, ಬೆಳ್ಳಗೆ, ತುಟ್ಟಿ ಉಡುಪಿನಲ್ಲಿ ಇರುತ್ತಾಳೆ. ಆಕೆಗೆ ನಾಯಿಯೂ ಮಕ್ಕಳೂ ಒಗ್ಗುವುದಿಲ್ಲವೆಂಬುದು ಕಂಡ ಕೂಡಲೇ ನಮ್ಮ ಗುಂಪಿನಲ್ಲಿ ಎಲ್ಲರೂ ಒಟ್ಟಿಗೆ ‘ಬಂದಳು’ ಎನ್ನುತ್ತೇವೆ. ನಾಯಕನಿಗೆ ಆರಂಭದಲ್ಲೇ ಪ್ರೇಮ ಹುಟ್ಟಿರುತ್ತದೆ, ಆದರೆ ಆತ ಅದನ್ನು ಕಡೆಯ ಹಾಳೆಯವರೆಗೆ ಹೇಳುವುದಿಲ್ಲ. ಹೇಳದಿರಲು ಕಾರಣವೇನೆಂದು ಆರು ಪುಸ್ತಕಗಳಲ್ಲಿ ಹುಡುಕಿದರೂ ನಮಗೆ ಸಮಾಧಾನಕರವಾದ ಒಂದು ಕಾರಣವೂ ದೊರೆಯಲಿಲ್ಲ.

ಈ ಮೌನದ ಮೇಲೆಯೇ ನಮ್ಮ ಸಂಜೆಗಳ ಬಹುಪಾಲು ನಗು ನಿಂತಿದೆ. ನಾವೆಲ್ಲ ವೈನಿ ಎಂದು ಕರೆಯುವ, ಸರಕಾರಿ ಆಸ್ಪತ್ರೆಯಲ್ಲಿ ಇಡೀ ಆಯುಷ್ಯ ದುಡಿದ ನಿವೃತ್ತ ಸಿಸ್ಟರ್ ಒಬ್ಬರು ಎರಡನೆಯ ಪುಸ್ತಕ ಮುಗಿಸಿದ ದಿನ ಕೇಳಿದರು: “ಅಲ್ರಿ, ಈ ಸಾಹೇಬ್ರು ನೂರಾ ಎಂಬತ್ತು ಪುಟ ಬಾಯಿ ಮುಚ್ಚಿಕೊಂಡು ಕುಂತಾರಲ್ಲ, ಪೇಷಂಟಿಗೆ ರೋಗದ ಹೆಸರರ ಹ್ಯಾಂಗ ಹೇಳ್ತಿದ್ರೋ?” ಕಾಕಾ ಅವರ ಆಕ್ಷೇಪಣೆ ಬೇರೆ ಬಗೆಯದು. “ಈ ಮನುಷ್ಯಾ ಆಕೀನ್ನ ಊಟಕ್ಕ ಕರಕೊಂಡು ಹೋಗ್ತಾನ, ಕಾರಿನಾಗ ಇಂಗ್ಲಂಡಿಗೆ ಬಿಟ್ಟು ಬರ್ತಾನ, ನಾಯಿ ತಿರುಗಾಡಿಸ್ತಾನ. ಇವನ ಓಪಿಡಿ ಯಾರು ನೋಡ್ತಾರಂತ?” ಎಂದು ಅವರು ಕೇಳಿದಾಗ ವೈನಿ, ತಮ್ಮ ಕಾಲದಲ್ಲಿ ದೊಡ್ಡ ಸರ್ಜನ್ನರು ಬಂದದ್ದು ಸ್ಕೂಟರಿನ ಸದ್ದಿನಿಂದಲೇ ವಾರ್ಡಿಗೆ ತಿಳಿಯುತ್ತಿತ್ತೆಂದೂ ಬೆಂಟ್ಲಿಯಾಗಿದ್ದರೆ ಸದ್ದಿಲ್ಲದೆ ಬಂದು ಎಲ್ಲರನ್ನೂ ಹಿಡಿದುಬಿಡುತ್ತಿದ್ದರೆಂದೂ ಹೇಳಿದರು. ಗುಂಪಿನಲ್ಲಿ ಕಿರಿಯಳಾದ, ಸದ್ಯ ಇಂಟರ್ನ್‌ಶಿಪ್ ಮಾಡುತ್ತಿರುವ ಕಾಕಾ ಅವರ ಮೊಮ್ಮಗಳ ತೀರ್ಪು ಎಲ್ಲಕ್ಕಿಂತ ಚಿಕ್ಕದು: “ಅಜ್ಜಾ, ನೈಟ್ ಡ್ಯೂಟಿ ಮುಗಿಸಿ ಬಂದಾಕಿಗೆ ಪ್ರೇಮ ಬ್ಯಾಡ, ನಿದ್ದಿ ಬೇಕು.”

ಹೀಗೆ ನಕ್ಕರೂ ಈ ಕಟ್ಟನ್ನು ನಾನು ಶಿಫಾರಸು ಮಾಡುತ್ತಿರುವುದು ಅದರ ಆಸ್ಪತ್ರೆಗಾಗಿ. ಪ್ರೇಮದ ಭಾಗವನ್ನು ಯಾರು ಬೇಕಾದರೂ ಬರೆದಾರು. ವಾರ್ಡಿನ ಬೆಳಗನ್ನು ಮಾತ್ರ ಅಲ್ಲಿ ನಿಂತು ಕಾಲು ನೋಯಿಸಿಕೊಂಡವರೇ ಬರೆಯಬೇಕು. ರಾತ್ರಿಯವಳು ಬೆಳಗಿನವಳಿಗೆ ಒಪ್ಪಿಸುವ ವರದಿ, ರೌಂಡಿಗೆ ಮುಂಚಿನ ಗಡಿಬಿಡಿ, ಅಪಘಾತ ವಿಭಾಗದಲ್ಲಿ ಒಮ್ಮೆಲೇ ಕಿಕ್ಕಿರಿಯುವ ಜನ, ಇವೆಲ್ಲದರ ನಡುವೆ ಚಹಾ ಆರಿಹೋಗುವುದು, ಇಂಥವನ್ನು ಬೆಟ್ಟಿ ನೀಲ್ಸ್ ಎರಡೇ ಸಾಲಿನಲ್ಲಿ, ಒಂದು ವಿಶೇಷಣವೂ ಇಲ್ಲದೆ, ಹೇಳಿ ಮುಂದೆ ಹೋಗುತ್ತಾರೆ. ಪ್ರೇಮ ಬಂದಾಗ ವಿಶೇಷಣಗಳ ಜಾತ್ರೆ ನಡೆಸುವ ಅದೇ ಕೈ ಕೆಲಸ ಬಂದಾಗ ಇಷ್ಟು ಮಿತವಾಗುವುದು ಗಮನಿಸಬೇಕಾದ ಸಂಗತಿ. ವೈನಿ ಇಂಥ ಪುಟಗಳು ಬಂದಾಗ ನಗುವುದನ್ನು ನಿಲ್ಲಿಸುತ್ತಾರೆ. ಗಾಜಿನ ಸಿರಿಂಜುಗಳನ್ನು ಕುದಿಸುತ್ತಿದ್ದುದು, ಹತ್ತಿ-ಬಟ್ಟೆಗಳನ್ನು ಡ್ರಮ್ಮಿನಲ್ಲಿ ತುಂಬಿ, ಹಬೆಯಿಂದ ಕ್ರಿಮಿ ಕೊಲ್ಲುವ ಆಟೋಕ್ಲೇವಿಗೆ ಕಳಿಸುತ್ತಿದ್ದುದು, ಹೊಟ್ಟೆ ಹೊಲಿಯುವ ಮುನ್ನ ಅರಿವೆಯ ತುಂಡುಗಳ ಲೆಕ್ಕ ತಾಳೆಯಾಗದಿದ್ದರೆ ಎಷ್ಟೇ ದೊಡ್ಡ ಸರ್ಜನ್ ಆಗಿದ್ದರೂ ಕೈ ತಡೆದು ನಿಲ್ಲಬೇಕಾಗಿದ್ದುದು, ಇವನ್ನೆಲ್ಲ ಅವರು ಹೇಳತೊಡಗಿದಾಗ ಪುಸ್ತಕ ಮಡಿಲಲ್ಲಿ ಹಾಗೆಯೇ ತೆರೆದಿರುತ್ತದೆ, ಚರ್ಚೆ ಎಲ್ಲಿಗೋ ಹೋಗಿರುತ್ತದೆ.

ಚರಿತ್ರೆಯ ಆಸಕ್ತಿಯುಳ್ಳವರಿಗೂ ಇಲ್ಲಿ ಸಾಕಷ್ಟಿದೆ. ಬ್ರಿಟನ್ನಿನಲ್ಲಿ ಸರಕಾರಿ ಆರೋಗ್ಯ ಸೇವೆ 1948ರ ಜುಲೈ 5ರಂದು ಆರಂಭವಾದಾಗ ಆಸ್ಪತ್ರೆಯ ಶಿಸ್ತಿನ ಮೇಲ್ತುದಿಯಲ್ಲಿದ್ದವಳು ಮೇಟ್ರನ್, ಅಂದರೆ ನರ್ಸುಗಳ ಮುಖ್ಯಸ್ಥೆ. ನರ್ಸಿಂಗ್ ಆಡಳಿತದ ಕುರಿತ 1966ರ ಸಾಲ್ಮನ್ ವರದಿಯ ನಂತರ ಆ ಹುದ್ದೆಯ ಬದಲು ನರ್ಸಿಂಗ್ ಅಧಿಕಾರಿಗಳ ಶ್ರೇಣಿ ಬರತೊಡಗಿತು. ಅಂದರೆ ಈ ಲೇಖಕಿ ಬರೆಯಲು ಆರಂಭಿಸಿದ ಹೊತ್ತಿಗೆ, ತಾನು ಕಂಡು ಹೆದರಿದ ಆ ಲೋಕ ಕರಗುತ್ತಿತ್ತು. ಆಕೆಯ ಆಸ್ಪತ್ರೆಗಳಲ್ಲಿ ಗಂಜಿ ಹಾಕಿದ ಟೊಪ್ಪಿಗೆ, ಸೊಂಟದ ಪಟ್ಟಿ, ಸರ್ಜನ್ನರನ್ನು ಡಾಕ್ಟರ್ ಎನ್ನದೆ ಮಿಸ್ಟರ್ ಎನ್ನುವ ಇಂಗ್ಲಿಷ್ ರೂಢಿ ಎಲ್ಲವೂ ಚಾಚೂ ತಪ್ಪದೆ ಉಳಿದುಕೊಂಡಿವೆ, ಹೊರಗೆ ದಶಕಗಳು ಉರುಳಿದರೂ.

ದೋಷಗಳನ್ನು ಮುಚ್ಚಿಡುವಂತಿಲ್ಲ. ಅಷ್ಟು ಚೆನ್ನಾಗಿ ಕೆಲಸ ಬಲ್ಲ ಹೆಣ್ಣು ಮದುವೆ ಗೊತ್ತಾದ ಕೂಡಲೇ ಸಾಮಾನ್ಯವಾಗಿ ಕೆಲಸ ಬಿಡುತ್ತಾಳೆ, ಲೇಖಕಿಗೆ ಅದರಲ್ಲಿ ನಷ್ಟವೇನೂ ಕಾಣುವುದಿಲ್ಲ. ಸ್ವತಃ ನಿವೃತ್ತಿಯವರೆಗೆ ದುಡಿದವರು ತಮ್ಮ ನಾಯಕಿಯರನ್ನು ಕಾಲುವೆ ದಂಡೆಯ ಮನೆಯಲ್ಲಿ ಹೂದಾನಿ ಜೋಡಿಸಲು ಕೂರಿಸುವುದನ್ನು ವೈನಿ ಇಂದಿಗೂ ಕ್ಷಮಿಸಿಲ್ಲ. ಇದೇ ಕಾಲಘಟ್ಟದಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದ ಅನುಪಮಾ ನಿರಂಜನ ಅವರನ್ನು ಇಲ್ಲಿ ನೆನೆಯದಿರಲಾಗದು. ಅವರು ಸ್ವತಃ ವೈದ್ಯೆ, ಧಾರವಾಡದಲ್ಲಿಯೂ ವೈದ್ಯವೃತ್ತಿ ನಡೆಸಿದವರು. ಹೆಣ್ಣಿನ ದೇಹ, ದುಡಿಮೆ, ದಾಂಪತ್ಯಗಳನ್ನು ಅವರು ನೋಡಿದ ನೇರ ನೋಟ ಬೆಟ್ಟಿ ನೀಲ್ಸ್‌ಗೆ ಎಟುಕುವಂಥದಲ್ಲ. ಆದರೆ ಮಳೆ ಹಿಡಿದ ಸಂಜೆ, ಮಿರ್ಚಿ ಭಜಿಯ ಜೊತೆಗೆ, ಯಾವ ಕೇಡೂ ಆಗದೆಂಬ ಭರವಸೆಯಿಂದ ಓದಲು ಬೇಕಾದದ್ದು ಬೇರೆಯೇ ಪುಸ್ತಕ. ಅದನ್ನು ಈ ಲೇಖಕಿ ತಪ್ಪದೆ ಕೊಡುತ್ತಾರೆ. ಆದರೂ ಆರನ್ನೂ ಬೆನ್ನುಬೆನ್ನಿಗೆ ಓದಬಾರದು. ಮೂರನೆಯದಕ್ಕೆ ನಾಯಿಗಳ ಹೆಸರು ಕಲಸಿಹೋಗುತ್ತವೆ, ಐದನೆಯದಕ್ಕೆ ಡಾಕ್ಟರುಗಳದ್ದು.

ಕೊಳ್ಳುವವರಿಗೆ ಒಂದೆರಡು ಮಾತು. ಕಾಗದ ಹಳದಿಯಾಗಿದೆ, ಬೆನ್ನಿನ ಅಂಟು ಒಣಗಿದೆ, ಪೂರ್ತಿ ಬಿಚ್ಚಿ ಹಿಡಿದರೆ ಹಾಳೆಗಳು ಕೈಗೇ ಬರುತ್ತವೆ. ಚಿಲ್ಲರೆಯಾಗಿ ಕೊಂಡರೆ ಅಂಗಡಿಯವರು ಒಂದಕ್ಕೆ ಅರವತ್ತು ಕೇಳುತ್ತಾರೆ, ಕಟ್ಟಾಗಿ ಕೊಂಡರೆ ನಲವತ್ತಕ್ಕೆ ಇಳಿಯುತ್ತಾರೆ. ಬೆಲೆಗಿಂತ ಮುಖ್ಯವಾಗಿ, ಅಂಗಡಿಯಲ್ಲೇ ನಿಂತು ಕಡೆಯ ಹಾಳೆ ಇದೆಯೋ ಇಲ್ಲವೋ ನೋಡಿಕೊಳ್ಳಬೇಕು. ಬೇರೆ ಲೇಖಕರಾದರೆ ಒಂದು ಹಾಳೆ ಹೋದರೆ ಅಷ್ಟೇನೂ ಹೋಗುವುದಿಲ್ಲ. ಇವರ ನಾಯಕ ಬಾಯಿ ಬಿಡುವುದೇ ಅಲ್ಲಿ. ನಮ್ಮ ಕಟ್ಟಿನ ಒಂದು ಪುಸ್ತಕದಲ್ಲಿ ಅದೇ ಹರಿದುಹೋಗಿತ್ತು. ಪ್ರೊಫೆಸರರು ಕಾರು ನಿಲ್ಲಿಸಿ ಅವಳ ಕಡೆ ತಿರುಗಿದಲ್ಲಿಗೆ ಪುಸ್ತಕ ಮುಗಿಯುತ್ತದೆ. ಆತ ಏನೆಂದಿರಬಹುದೆಂದು ನಾವು ಒಬ್ಬೊಬ್ಬರೂ ಒಂದೊಂದು ಚೀಟಿ ಬರೆದು ಹಾಕಿದೆವು. ಕಾಕಾ ಅವರದನ್ನು ಎತ್ತಿ ನೋಡಿದರೆ, ಔಷಧ ಬರೆಯುವ ಅವರ ಹಳೆಯ ಅಭ್ಯಾಸದಿಂದಾಗಿ, ಒಂದಕ್ಷರವೂ ಯಾರಿಗೂ ಓದಲಾಗಲಿಲ್ಲ. ಪ್ರೊಫೆಸರರಿಗೆ ತಕ್ಕ ಉತ್ತರವೆಂದು ಅದಕ್ಕೇ ಬಹುಮಾನ ಕೊಟ್ಟೆವು.