ಮುಂಬಯಿಯ ನಲ್ಲಿನೀರಿಗೆ ಆರ್‌ಒ, ಯುವಿ ಅಥವಾ ಒಲೆ: ಬಳಸಿ ನೋಡಿದ ಹೋಲಿಕೆ

ಮುಂಬಯಿಯ ಉಪನಗರವಾದ ಮುಲುಂಡಿನ ನಮ್ಮ ಮನೆಯಲ್ಲಿ ಪಾಲಿಕೆಯ ನಲ್ಲಿನೀರನ್ನು ಶುದ್ಧಗೊಳಿಸಲು ನೀರನ್ನು ಒತ್ತಡದಿಂದ ಮೆಂಬ್ರೇನ್ ಎಂಬ ಪೊರೆಯ ಮೂಲಕ ಹಾಯಿಸಿ ಕರಗಿದ ಲವಣ ತೆಗೆಯುವ ಆರ್‌ಒ ಯಂತ್ರ, ಅತಿನೇರಳೆ ಕಿರಣದಿಂದ ರೋಗಾಣು ಕೊಲ್ಲುವ ಯುವಿ ಯಂತ್ರ, ಸೋಸುವ ಪಿಂಗಾಣಿ ಕ್ಯಾಂಡಲ್ ಹಾಕಿದ ಸ್ಟೀಲ್ ಫಿಲ್ಟರ್ ಮತ್ತು ಒಲೆಯ ಮೇಲಿನ ಪಾತ್ರೆ ಎಲ್ಲವೂ ಒಂದಲ್ಲ ಒಂದು ಕಾಲದಲ್ಲಿ ಬಳಕೆಯಾಗಿವೆ. ತಯಾರಾಗುವಲ್ಲಿಂದ ಕಸಕ್ಕೆ ಸೇರುವವರೆಗೆ ಯಾವುದು ಪರಿಸರಕ್ಕೆ ಹಗುರ ಎಂದು ಕೇಳಿದರೆ, ಈ ಊರಿನ ಮಟ್ಟಿಗೆ ನನ್ನ ಮತ ಯುವಿಗೆ.

ಆರ್‌ಒ ನಮ್ಮ ಮನೆಗೆ ಬಂದದ್ದು ಬೆಂಗಳೂರಿನ ಬಂಧುಗಳ ಶಿಫಾರಸಿನಿಂದ. ಕೊಳವೆಬಾವಿಯ ಗಡಸು ನೀರಿನಲ್ಲಿ ಬದುಕುವವರಿಗೆ, ಅಥವಾ ನೀರಿನಲ್ಲಿ ಫ್ಲೋರೈಡ್ ಇರುವ ಕೋಲಾರ, ಗದಗದ ಕಡೆಯವರಿಗೆ ಅದು ಬೇಕೇ ಬೇಕು. ಆದರೆ ಮುಂಬಯಿ ಕುಡಿಯುವುದು ಭಾತ್ಸಾ, ತಾನ್ಸಾ, ವೈತರಣಾ ಮೊದಲಾದ ಜಲಾಶಯಗಳಲ್ಲಿ ಸಂಗ್ರಹವಾದ ಮಳೆನೀರನ್ನು. ಮೀಟರ್ ಹಿಡಿದು ನೋಡಿದರೆ ನಮ್ಮ ನಲ್ಲಿಯ ಟಿಡಿಎಸ್, ಅಂದರೆ ನೀರಿನಲ್ಲಿ ಕರಗಿದ ಲವಣಾಂಶ, ಲೀಟರಿಗೆ 80 ಮಿಲಿಗ್ರಾಂ ಆಸುಪಾಸಿನಲ್ಲಿತ್ತು. ಭಾರತೀಯ ಮಾನಕ ಸಂಸ್ಥೆ ಕುಡಿಯುವ ನೀರಿಗೆ ಹಾಕಿರುವ ಅಪೇಕ್ಷಿತ ಮಿತಿ 500. ಆ ಮಿತಿಗಿಂತ ಕೆಳಗಿರುವ ಕಡೆ ಆರ್‌ಒ ಬಳಕೆಯನ್ನು ನಿಷೇಧಿಸುವಂತೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲಿಯೇ ಸರ್ಕಾರಕ್ಕೆ ಸೂಚಿಸಿತ್ತು.

ನಮ್ಮ ಆರ್‌ಒ ಒಂದು ಲೀಟರ್ ಕೊಟ್ಟು ಸುಮಾರು ಮೂರು ಲೀಟರ್ ಹೊರಗೆ ಚೆಲ್ಲುತ್ತಿತ್ತು. ದಿನಕ್ಕೆ ಹತ್ತು ಲೀಟರ್ ಕುಡಿಯುವ ಸಂಸಾರಕ್ಕೆ ಇದು ವರ್ಷಕ್ಕೆ ಹತ್ತು ಸಾವಿರ ಲೀಟರಿಗೂ ಮೀರಿದ ನಷ್ಟ. ಹಾಗೆ ಚೆಲ್ಲಿದ ನೀರಿನ ಟಿಡಿಎಸ್ ನೂರರಿಂದ ನೂರಹತ್ತು. ಅಂದರೆ ಜಲಾಶಯಗಳಿರುವ ಠಾಣೆ ಜಿಲ್ಲೆಯ ಶಹಾಪುರ ತಾಲೂಕಿನಿಂದ ತಂದು, ಭಾಂಡುಪದಲ್ಲಿ ಶುದ್ಧೀಕರಿಸಿ, ನಮ್ಮ ಮಹಡಿಗೆ ಪಂಪು ಮಾಡಿದ ಒಳ್ಳೆಯ ನೀರೇ ಸಿಂಕಿನ ಪಾಲಾಗುತ್ತಿತ್ತು. ಅದೇ ಶಹಾಪುರದ ಹಳ್ಳಿಗಳು ಬೇಸಿಗೆಯಲ್ಲಿ ಟ್ಯಾಂಕರಿಗಾಗಿ ಕಾಯುತ್ತವೆ.

ಇಷ್ಟಾದರೂ ನನ್ನನ್ನು ಹೆಚ್ಚು ಕಾಡಿದ್ದು ನೀರಲ್ಲ, ಹಳೆಯ ಮೆಂಬ್ರೇನ್. ಸರ್ವಿಸ್ ಒಪ್ಪಂದದ ಪ್ರಕಾರ ಬಂದ ಹುಡುಗ, ನೀರಿನ ಹರಿವು ಚೆನ್ನಾಗಿದೆಯೋ ಇಲ್ಲವೋ ಎಂದು ನೋಡುವ ಗೋಜಿಗೆ ಹೋಗದೆ, ಮೆಂಬ್ರೇನನ್ನೂ ಉಳಿದ ಕಾರ್ಟ್ರಿಜ್‌ಗಳನ್ನೂ ಬದಲಿಸಿ, ಹಳೆಯವನ್ನು ಬಾಗಿಲ ಬಳಿ ಇಟ್ಟು ಹೋಗುತ್ತಿದ್ದ. ಅವನ್ನು ಕಂಪನಿ ಹಿಂದಕ್ಕೆ ಪಡೆಯುವುದಿಲ್ಲವೇ ಎಂದು ಕೇಳಿದರೆ, ಅಂಥ ವ್ಯವಸ್ಥೆ ತನ್ನ ಬಳಿ ಇಲ್ಲ ಎಂಬ ಉತ್ತರ.

ಭಂಗಾರಿನವನು, ಅಂದರೆ ಗುಜರಿಯವನು, ಗಟ್ಟಿ ಪ್ಲಾಸ್ಟಿಕ್ಕಿನ ಹೊರಕವಚವನ್ನು ಸಂತೋಷದಿಂದ ಒಯ್ದ, ಮೆಂಬ್ರೇನನ್ನು ಮಾತ್ರ ಮುಟ್ಟಲಿಲ್ಲ. ಅದಕ್ಕೆ ಕಾರಣವೂ ಇದೆ. ಕೂದಲೆಳೆಗಿಂತ ತೆಳ್ಳಗಿನ ಪಾಲಿಅಮೈಡ್ ಪದರ, ಅದರ ಕೆಳಗೆ ಪಾಲಿಸಲ್ಫೋನ್, ಅದಕ್ಕೂ ಕೆಳಗೆ ಪಾಲಿಎಸ್ಟರ್ ಬಟ್ಟೆ, ನಡುನಡುವೆ ಜಾಲರಿ. ಇವೆಲ್ಲವನ್ನೂ ಅಂಟು ಹಾಕಿ ಒಂದು ಕೊಳವೆಗೆ ಸುತ್ತಿರುತ್ತಾರೆ. ಬಿಡಿಸಿ ಬೇರ್ಪಡಿಸುವ ಕೂಲಿ ಅದರಿಂದ ಸಿಗುವ ಪ್ಲಾಸ್ಟಿಕ್ಕಿನ ಬೆಲೆಗಿಂತ ಹೆಚ್ಚಾಗುವುದರಿಂದ, ಒಣ ಕಸದ ಡಬ್ಬಿಗೆ ಹಾಕಿದರೂ ಅದು ಕೊನೆಗೆ ಸೇರುವುದು ಕಸದ ಗುಡ್ಡವನ್ನೇ. ನಮ್ಮ ಸೊಸೈಟಿಯ ಬಹುಪಾಲು ಮನೆಗಳಲ್ಲಿ ಇದೇ ಯಂತ್ರವಿದೆ ಎಂಬುದನ್ನು ನೆನೆದರೆ, ಬೇಡದ ಶುದ್ಧಿಗೆ ಎಷ್ಟೊಂದು ಕಸ ಎನ್ನಿಸುತ್ತದೆ.

ಯುವಿಯಲ್ಲಿ ಮೆಂಬ್ರೇನ್ ಇಲ್ಲ, ಚೆಲ್ಲುವ ನೀರೂ ಇಲ್ಲ. ಕೆಸರು ತಡೆಯುವ ಒಂದು ಕಾರ್ಟ್ರಿಜ್ ಮತ್ತು ಇಂಗಾಲದ ಇನ್ನೊಂದು ಇದ್ದೇ ಇವೆ. ಕೆಸರಿನದನ್ನು ಹರಿವು ಕುಗ್ಗಿದಾಗ ಮಾತ್ರ ಬದಲಿಸುತ್ತೇನೆ. ಯುವಿ ದೀಪದಲ್ಲಿ ಪಾದರಸವಿರುವುದು ನಿಜವಾದ ದೋಷ. 2016ರ ಘನತ್ಯಾಜ್ಯ ನಿಯಮಗಳು ಟ್ಯೂಬ್‌ಲೈಟ್, ಸಿಎಫ್‌ಎಲ್‌ಗಳನ್ನು ಗೃಹಬಳಕೆಯ ಅಪಾಯಕಾರಿ ತ್ಯಾಜ್ಯವೆಂದು ಪ್ರತ್ಯೇಕಿಸಲು ಹೇಳಿದ್ದಂತೆ, ಇದನ್ನೂ ಒಡೆಯದೆ ಬೇರೆಯೇ ಇಡಬೇಕು. ಮಳೆಗಾಲದ ಆರಂಭದಲ್ಲಿ ನೀರು ಕದಡಿ ಬಂದರೆ ಕಿರಣ ರೋಗಾಣುಗಳವರೆಗೆ ಸರಿಯಾಗಿ ತಲುಪುವುದಿಲ್ಲವಾದ್ದರಿಂದ, ಆ ದಿನಗಳಲ್ಲಿ ನಾವು ನೀರನ್ನು ಸೋಸಿ ಕುದಿಸುತ್ತೇವೆ.

ವರ್ಷವಿಡೀ ಕುದಿಸುವುದೇ ಒಳ್ಳೆಯದಲ್ಲವೇ ಎಂಬುದು ನಮ್ಮ ತಾಯಿಯ ವಾದ. ಲೆಕ್ಕ ಬೇರೆಯೇ ಹೇಳುತ್ತದೆ. ಹತ್ತು ಲೀಟರ್ ಕುದಿಸಲು ಸುಮಾರು 110 ಗ್ರಾಂ ಗ್ಯಾಸ್ ಬೇಕು. ತಿಂಗಳಿಗೆ ಮೂರು ಕೆಜಿಗೂ ಹೆಚ್ಚು, ಅಂದರೆ 14.2 ಕೆಜಿ ಸಿಲಿಂಡರಿನ ಐದನೇ ಒಂದು ಪಾಲಿಗಿಂತ ಮಿಗಿಲು. ಅದೇ ಹತ್ತು ಲೀಟರಿಗೆ ನಮ್ಮ 25 ವ್ಯಾಟಿನ ಯುವಿ ತಿನ್ನುವ ವಿದ್ಯುತ್ತು ಒಂದು ಯೂನಿಟಿನ ಇನ್ನೂರನೇ ಒಂದು ಪಾಲೂ ಅಲ್ಲ.

ಸ್ಟೀಲ್ ಫಿಲ್ಟರ್ ಕಸದ ವಿಷಯದಲ್ಲಿ ಎಲ್ಲವನ್ನೂ ಗೆಲ್ಲುತ್ತದೆ, ಆದರೆ ವೈರಾಣುಗಳ ವಿಷಯದಲ್ಲಿ ಅದನ್ನು ನಂಬಲಾಗದು. ನಲ್ಲಿನೀರು ಬರುವ ಮನೆಯವರಿಗೆ ಟೆಂಪೋದಲ್ಲಿ ಬರುವ ಇಪ್ಪತ್ತು ಲೀಟರಿನ ನೀರಿನ ಕ್ಯಾನ್ ಬೇಡ. ನೀರಿಗಿಂತ ಟೆಂಪೋದ ಡೀಸೆಲ್ ಹೆಚ್ಚು ಓಡಾಡುತ್ತದೆ.

ವಾರ್ಷಿಕ ಸರ್ವಿಸ್ ಒಪ್ಪಂದಕ್ಕೆ ಹಣ ತೆರಲು ಮನಸ್ಸಿಲ್ಲದ, ಬಿಡಿಭಾಗವನ್ನು ತಾನೇ ಬದಲಿಸಬಲ್ಲ ನನ್ನಂಥವನಿಗೆ ಯುವಿ ಸಾಕು. ಠಾಣೆಯ ಘೋಡ್‌ಬಂದರ್ ರಸ್ತೆಯ ಹೊಸ ಕಟ್ಟಡಗಳಂತೆ ಟ್ಯಾಂಕರ್ ಅಥವಾ ಬೋರ್‌ವೆಲ್ ನೀರನ್ನು ಬೆರೆಸಿ ಬಿಡುವ ಕಡೆ ಈ ಲೆಕ್ಕ ನಡೆಯದು. ಅಂಥವರು ಯಂತ್ರ ಕೊಳ್ಳುವ ಮೊದಲು ಟಿಡಿಎಸ್ ಮೀಟರೊಂದನ್ನು ಎರವಲು ತಂದು, ಮೇ ತಿಂಗಳಲ್ಲೊಮ್ಮೆ ಮತ್ತು ಮಳೆಗಾಲದಲ್ಲೊಮ್ಮೆ ಅಳೆದು ನೋಡುವುದು ಲೇಸು.