ಮಧೂರಿನ ದಾರಿಯ ಹೋಟೆಲಿನಲ್ಲಿ ‘ಪ್ರಸಾದ ಭೋಜನ’

ಕಾಸರಗೋಡು ಪೇಟೆಯಿಂದ ಮಧೂರು ದೇವಸ್ಥಾನಕ್ಕೆ ಹೋಗುವ ದಾರಿಯಲ್ಲಿರುವ ಈ ಸಣ್ಣ ಸಸ್ಯಾಹಾರಿ ಹೋಟೆಲಿನಲ್ಲಿ ಮಧ್ಯಾಹ್ನದ ಊಟಕ್ಕೆ ‘ಪ್ರಸಾದ ಭೋಜನ’ವೆಂದು ಹೆಸರಿಟ್ಟು, ಪಕ್ಕದಲ್ಲೇ ದರವನ್ನೂ ಬರೆದಿದ್ದಾರೆ. ಕುಚ್ಚಲಕ್ಕಿ ಅನ್ನ, ಸೌತೆಕಾಯಿ ಹುಳಿ, ಒಂದೆಲಗದ ತಂಬುಳಿ, ಉಪ್ಪಿನಕಾಯಿ ಎಲ್ಲವೂ ಮನೆಯ ಅಡುಗೆಯಷ್ಟೇ ಶುಚಿಯಾಗಿದ್ದವು. ಕಾಯಿಯನ್ನು ನುಣ್ಣಗೆ ಅರೆದು ಹದವಾದ ಮಜ್ಜಿಗೆಯಲ್ಲಿ ಕಲಸಿದ ತಂಬುಳಿಗಾಗಿಯೇ ಮತ್ತೆ ಹೋಗಬಹುದು. ಪಾಯಸಕ್ಕೆ ಬೆಲ್ಲ ಹೆಚ್ಚಾಗಿತ್ತು.

ನನ್ನ ಆಕ್ಷೇಪವಿರುವುದು ಹೆಸರಿನ ಬಗ್ಗೆ. ಪೂಜೆಯ ಪದಗಳು ಲೋಕದ ಮಾತಿಗೆ ಬರುವುದು ತಪ್ಪೆಂದು ನಾನು ಹೇಳುವುದಿಲ್ಲ. ಬೈಗುಳ ತಿಂದವನಿಗೆ ಮಂಗಳಾರತಿಯಾಯಿತೆಂದೂ, ಕೊಟ್ಟ ಸಾಲ ಮುಳುಗಿದರೆ ಗೋವಿಂದವೆಂದೂ, ಮದ್ಯಕ್ಕೆ ತೀರ್ಥವೆಂದೂ, ಮೋಸ ಮಾಡುವುದಕ್ಕೆ ನಾಮ ಹಾಕುವುದೆಂದೂ ಭಕ್ತರೇ ಸಹಜವಾಗಿ ಹೇಳುತ್ತಾರೆ. ಪೆಟ್ಟು ತಿಂದ ಹುಡುಗನಿಗೆ ಸಿಕ್ಕಿದ್ದೂ ಪ್ರಸಾದವೇ. ಅಲ್ಲೆಲ್ಲ ಅರ್ಥ ತಿರುಗಿದೆಯೆಂಬುದು ಹೇಳುವವನಿಗೂ ಕೇಳುವವನಿಗೂ ಗೊತ್ತಿರುವುದರಿಂದ ಯಾರೂ ತಪ್ಪು ತಿಳಿಯುವುದಿಲ್ಲ. ಆದರೆ ಮಹಾಗಣಪತಿಗೆ ಅರ್ಪಿಸುವ ‘ಅಪ್ಪ’ವೆಂಬ ಸಿಹಿ ತಿಂಡಿಯ ಪ್ರಸಾದಕ್ಕೆ ಹೆಸರಾದ ಮಧೂರಿನ ಹಾದಿಯಲ್ಲಿ ಇಂಥ ಫಲಕವನ್ನು ಕಂಡ ಪರವೂರಿನ ಯಾತ್ರಿಕರು ಇದನ್ನು ದೇವಸ್ಥಾನದ ಊಟವೆಂದೇ ನಂಬುವ ಸಾಧ್ಯತೆಯಿದೆ. ನಾನು ಉಣ್ಣುತ್ತಿದ್ದಾಗಲೇ ವೃದ್ಧ ದಂಪತಿ, ‘ಇದು ನೈವೇದ್ಯ ಆದದ್ದೋ?’ ಎಂದು ಬಡಿಸುವವರನ್ನು ಕೇಳಿದರು. ಅವರಿಗೆ ಸ್ಪಷ್ಟವಾದ ಉತ್ತರ ಸಿಗಲಿಲ್ಲ. ಇಷ್ಟು ಒಳ್ಳೆಯ ಅಡುಗೆಗೆ ‘ಊಟ’ ಎಂಬ ಹೆಸರು ಸಾಕು. ಮಾಲೀಕರು ದಯವಿಟ್ಟು ಫಲಕವನ್ನು ಬದಲಿಸಬೇಕು. ಹೋಗುವವರು ಒಂದು ಗಂಟೆಗೆ ಮೊದಲೇ ಹೋದರೆ ತಂಬುಳಿ ಸಿಗುತ್ತದೆ.